ಗ್ರೂಪಿಗೆ ಸೇರಿದ ಮೇಲೆ ಏನು?

1956ರ ಜನವರಿಯ ಒಂದು ಶನಿವಾರ ರಾತ್ರಿಯಿಂದ ಶುರು ಮಾಡುತ್ತೇನೆ. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿ ನಗರ. ಅಲ್ಲಿನ ಕಪ್ಪು ಜನ ಸಿಟಿ ಬಸ್ ಹತ್ತುವುದನ್ನು ಬಿಟ್ಟು ಹೆಚ್ಚುಕಡಿಮೆ ಏಳು ವಾರ ಆಗಿತ್ತು. ಬಿಳಿಯರಿಗೆ ಸೀಟು ಬಿಟ್ಟು ಏಳಬೇಕು ಎಂಬ ನಿಯಮದ ವಿರುದ್ಧ ಅವರು ಬಹಿಷ್ಕಾರ ಹೂಡಿದ್ದರು. ಆ ರಾತ್ರಿ ಕಾರ್ಲ್ ರೋವನ್ ಎಂಬ ಪತ್ರಕರ್ತರು ಬೇರೆ ರಾಜ್ಯದಿಂದ ಬಹಿಷ್ಕಾರದ ಮುಂದಾಳು, ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಫೋನ್ ಮಾಡಿದರು. ರಾಜಿ ಆಗಿದೆ, ಬಹಿಷ್ಕಾರ ಮುಗಿಯಿತು ಎಂಬ ಸುದ್ದಿ ನಾಳೆಯ ಪೇಪರಿಗೆ ಹೋಗುತ್ತಿದೆ, ಇದು ನಿಜವೇ ಎಂದು ಕೇಳಿದರು.

ನಿಜ ಆಗಿರಲಿಲ್ಲ. ನಗರದ ಆಡಳಿತದವರು ಮೂವರು ಪಾದ್ರಿಗಳನ್ನು ಕರೆಸಿ ಮಾತಾಡಿದ್ದರು. ಆ ಮೂವರಿಗೂ ಚಳವಳಿಯ ಸಮಿತಿಗೂ ಸಂಬಂಧವೇ ಇರಲಿಲ್ಲ. ಆ ಮಾತುಕತೆಯನ್ನೇ ರಾಜಿ ಅಂತ ಸುದ್ದಿಗೆ ಕೊಟ್ಟಿದ್ದರು. ಭಾನುವಾರ ಬೆಳಿಗ್ಗೆ ಜನ ಪೇಪರ್ ಓದುತ್ತಾರೆ, ಸೋಮವಾರ ಬಸ್ ಹತ್ತುತ್ತಾರೆ, ಚಳವಳಿ ತಾನಾಗೇ ಮುರಿದು ಬೀಳುತ್ತದೆ ಎಂಬುದು ಲೆಕ್ಕಾಚಾರ.

ಕಿಂಗ್ ಮತ್ತು ಅವರ ಜೊತೆಗಾರರು ಅದೇ ರಾತ್ರಿ ಹೊರಟರು. ಶನಿವಾರ ರಾತ್ರಿ ಜನ ಎಲ್ಲಿರುತ್ತಾರೆ? ಬಾರುಗಳಲ್ಲಿ, ನೈಟ್ ಕ್ಲಬ್ಬುಗಳಲ್ಲಿ. ಚಳವಳಿಯ ಪಾದ್ರಿಗಳು ಅಲ್ಲಿಗೇ ಹೋಗಿ, ಸುದ್ದಿ ಸುಳ್ಳು, ಬಹಿಷ್ಕಾರ ಮುಂದುವರಿದಿದೆ ಎಂದು ಹೇಳಿಬಂದರು. ಬೆಳಿಗ್ಗೆ ಚರ್ಚುಗಳಲ್ಲಿ ಇದನ್ನೇ ಹೇಳಿದರು. ಸೋಮವಾರ ಬಸ್ಸುಗಳು ಖಾಲಿಯಾಗಿಯೇ ಓಡಿದವು.

ಇದೇ ಸುದ್ದಿ ಇವತ್ತು ಬಂದಿದ್ದರೆ ಏನಾಗುತ್ತಿತ್ತು, ಯೋಚಿಸಿ. ಸುಳ್ಳು ಸುದ್ದಿಯ ಸ್ಕ್ರೀನ್‌ಶಾಟ್ ಹತ್ತು ನಿಮಿಷದಲ್ಲಿ ಎಲ್ಲ ಗ್ರೂಪಿಗೂ ಬರುತ್ತದೆ. ಅದು ಸುಳ್ಳು ಎನ್ನುವ ಮೆಸೇಜೂ ಹಿಂದೆಯೇ ಬರುತ್ತದೆ. ಎರಡೂ ನೋಡಲು ಒಂದೇ ಥರ ಇರುತ್ತವೆ. ಎರಡನ್ನೂ ಯಾರೋ ಎಲ್ಲಿಂದಲೋ ಫಾರ್ವರ್ಡ್ ಮಾಡಿರುತ್ತಾರೆ. ಯಾವುದನ್ನು ನಂಬಬೇಕು?

ಮಾಂಟ್ಗೊಮರಿಯ ಜನ ಅಚ್ಚಾದ ಪೇಪರ್ ಬಿಟ್ಟು ಬಾಯಿಮಾತನ್ನು ಯಾಕೆ ನಂಬಿದರು? ನನಗೆ ಎರಡು ಕಾರಣ ಕಾಣುತ್ತವೆ. ಒಂದು, ಹೇಳಿದವರ ಮುಖ ಅವರಿಗೆ ಗೊತ್ತಿತ್ತು. ಎರಡನೆಯದು ಇನ್ನೂ ಮುಖ್ಯ. ಆ ಚಳವಳಿಯಲ್ಲಿ ತೀರ್ಮಾನ ಎಲ್ಲಿ ಆಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ವಾರಕ್ಕೆ ಎರಡು ಸಲ ದೊಡ್ಡ ಸಭೆ ಸೇರುತ್ತಿತ್ತು. ಬಹಿಷ್ಕಾರ ಮುಂದುವರಿಸಬೇಕೇ ಎಂದು 1955ರ ಡಿಸೆಂಬರ್ 5ರ ಸಂಜೆ ಚರ್ಚಿನಲ್ಲಿ ಸೇರಿದ ಜನರನ್ನೇ ಕೇಳಿದ್ದರು. ಜನ ಎದ್ದು ನಿಂತು ಒಪ್ಪಿಗೆ ಕೊಟ್ಟಿದ್ದರು. ಹಾಗಾಗಿ ರಾಜಿ ಆಗುವುದಿದ್ದರೆ ನಮ್ಮನ್ನು ಕೇಳದೆ ಆಗುವುದಿಲ್ಲ ಎಂಬ ಧೈರ್ಯ ಅವರಿಗಿತ್ತು.

ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇದರ ಬಗ್ಗೆಯೇ. ಜನರನ್ನು ಸೇರಿಸುವುದನ್ನು ಡಿಜಿಟಲ್ ಸಾಧನಗಳು ತುಂಬಾ ಸುಲಭ ಮಾಡಿವೆ. ಸೇರಿದ ಜನ ಒಟ್ಟಿಗೆ ತೀರ್ಮಾನ ಮಾಡುವುದನ್ನು ಅಷ್ಟು ಸುಲಭ ಮಾಡಿಲ್ಲ. ಪ್ರಜಾಪ್ರಭುತ್ವ ಬೇಕು ಎಂದು ಹೋರಾಡುವ ಗುಂಪಿನ ಒಳಗೇ ಅದು ಇಲ್ಲದಿದ್ದರೆ, ಎದುರಿನವರು ಮಾತುಕತೆಗೆ ಕರೆದ ದಿನ ಆ ಗುಂಪು ಒಡೆಯುತ್ತದೆ. ಯಾರು ಹೋಗಬೇಕು, ಏನು ಕೇಳಬೇಕು, ಎಷ್ಟಕ್ಕೆ ಒಪ್ಪಬೇಕು ಎಂಬುದೇ ಗೊತ್ತಿರುವುದಿಲ್ಲ.

ಇನ್ನು ಮಾಂಟ್ಗೊಮರಿಯನ್ನು ಇಲ್ಲಿಗೇ ಬಿಡಲು ಮನಸ್ಸು ಬರುತ್ತಿಲ್ಲ. ಯಾಕೆಂದರೆ ವೇಗ ನಮ್ಮ ಕಾಲದ್ದು ಎಂದು ನಾವು ಅಂದುಕೊಂಡಿದ್ದೇವೆ. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡದ ರೋಸಾ ಪಾರ್ಕ್ಸ್ ಬಂಧನ ಆದದ್ದು 1955ರ ಡಿಸೆಂಬರ್ 1, ಗುರುವಾರ ಸಂಜೆ. ಅಂದು ರಾತ್ರಿಯೇ ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ತಮ್ಮ ಕಾಲೇಜಿಗೆ ಹೋಗಿ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಹತ್ತಾರು ಸಾವಿರ ಕರಪತ್ರ ತೆಗೆದರು. ಸಹಾಯಕ್ಕೆ ಇದ್ದವರು ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳು. ಶುಕ್ರವಾರ ಕರಪತ್ರ ಊರಿಡೀ ಹಂಚಿ ಆಯಿತು. ಸೋಮವಾರ ಬಸ್ಸುಗಳು ಖಾಲಿ. ಇವತ್ತಿನ ಯಾವ ಹ್ಯಾಷ್‌ಟ್ಯಾಗ್ ಇದಕ್ಕಿಂತ ಬೇಗ ಊರಿನ ಬದುಕನ್ನು ಬದಲಿಸಿದೆ ಹೇಳಿ?

ಯಂತ್ರ ಎಲ್ಲ ಕಾಲೇಜಿನಲ್ಲೂ ಇತ್ತು. ರಾಬಿನ್ಸನ್ ಅವರ ಹತ್ತಿರ ಇದ್ದದ್ದು ಹೆಂಗಸರ ಒಂದು ಸಂಘಟನೆ. ಅದು 1946ರಲ್ಲೇ ಶುರುವಾಗಿತ್ತು. ಯಾವ ಬೀದಿಗೆ ಯಾರು, ಯಾವ ಶಾಲೆಯ ಹತ್ತಿರ ಯಾರು ಹಂಚಬೇಕು ಎಂಬುದು ಮೊದಲೇ ಗೊತ್ತಿತ್ತು. ಬಹಿಷ್ಕಾರ ನಡೆಯಬಹುದು ಎಂದು 1954ರಲ್ಲೇ ಅವರು ಮೇಯರಿಗೆ ಪತ್ರ ಬರೆದಿದ್ದರು. ರೋಸಾ ಪಾರ್ಕ್ಸ್ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಕೆಲಸ ಮಾಡಿ ಸುಸ್ತಾದ ಹೆಂಗಸು ಒಂದು ದಿನ ಸುಮ್ನೆ ಎದ್ದೇಳಲಿಲ್ಲ ಅಂತ ಮಕ್ಕಳಿಗೆ ಕಥೆ ಹೇಳುತ್ತಾರೆ. ಅವರು ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಊರಿನ ಶಾಖೆಗೆ 1943ರಿಂದ ಕಾರ್ಯದರ್ಶಿ ಆಗಿ ಕೆಲಸ ಮಾಡಿದವರು. 1955ರ ಬೇಸಿಗೆಯಲ್ಲಿ ಟೆನೆಸ್ಸಿ ರಾಜ್ಯದ ಹೈಲ್ಯಾಂಡರ್ ಶಾಲೆಗೆ ಹೋಗಿ ತರಬೇತಿ ಪಡೆದಿದ್ದರು. ಆ ಒಂದು ಸಂಜೆಯ ಹಿಂದೆ ಹನ್ನೆರಡು ವರ್ಷದ ಅರ್ಜಿ, ಸಭೆ, ದಾಖಲೆಯ ಕೆಲಸ ಇದೆ.

ಬಹಿಷ್ಕಾರ 381 ದಿನ ನಡೆಯಿತು. ಸುಮಾರು 300 ಕಾರುಗಳು ಜನರನ್ನು ಕೆಲಸಕ್ಕೆ ಕರೆದುಕೊಂಡು ಹೋಗಿ ಬಿಡುತ್ತಿದ್ದವು. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು, ಯಾವ ಗಂಟೆಗೆ ಯಾವ ಕಾರು ಎಂಬುದಕ್ಕೆಲ್ಲ ವ್ಯವಸ್ಥೆ ಇತ್ತು. ಇಂಥದ್ದೇ ಏರ್ಪಾಡನ್ನು 1953ರಲ್ಲಿ ಬ್ಯಾಟನ್ ರೂಜ್ ನಗರದವರು ಮಾಡಿದ್ದರು, ಅವರನ್ನು ಕೇಳಿ ಕಲಿತರು. ಇದಕ್ಕೆ ಪೆಟ್ರೋಲ್ ಬೇಕು, ದುಡ್ಡು ಬೇಕು. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯವರು ಇತರ ಹೆಂಗಸರನ್ನು ಸೇರಿಸಿಕೊಂಡು ಊಟ, ತಿಂಡಿ ಮಾಡಿ ಮಾರಿದರು. ಬಂದ ದುಡ್ಡನ್ನು ಸಭೆಗೆ ತಂದು ಕೊಟ್ಟರು. ತಮ್ಮ ಗುಂಪಿಗೆ ಅವರು ಇಟ್ಟ ಹೆಸರು ‘ಎಲ್ಲಿಂದಲೂ ಅಲ್ಲದ ಕ್ಲಬ್’. ದುಡ್ಡು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಎಲ್ಲಿಂದಲೂ ಇಲ್ಲ ಎನ್ನಬಹುದು. ಕೊಟ್ಟವರ ಕೆಲಸಕ್ಕೆ ಕುತ್ತು ಬರುವುದಿಲ್ಲ. ಮಾಹಿತಿ ಸುರಕ್ಷತೆ ಅಂತ ಈಗ ತರಬೇತಿ ಕೊಡುತ್ತಾರಲ್ಲ, ಗಿಲ್ಮೋರ್ ಅದನ್ನು ಅಡುಗೆಮನೆಯಲ್ಲಿ ಕೂತು ಯೋಚಿಸಿದ್ದರು.

ಈಗ ನಮ್ಮ ಕಾಲಕ್ಕೆ ಬರೋಣ.

ಈಜಿಪ್ಟಿನ ಕಥೆ ನಿಮಗೆ ಗೊತ್ತು. ಪೊಲೀಸರ ಕೈಯಲ್ಲಿ ಸತ್ತ ಖಾಲಿದ್ ಸಯೀದ್ ಎಂಬ ಯುವಕನ ಹೆಸರಿನ ಫೇಸ್‌ಬುಕ್ ಪುಟ ಲಕ್ಷಾಂತರ ಜನರನ್ನು ಸೆಳೆಯಿತು. 2011ರ ಜನವರಿ 25ರಂದು ಜನ ಬೀದಿಗೆ ಬಂದರು. ಜನವರಿ 28ರಂದು ಸರ್ಕಾರ ಇಂಟರ್‌ನೆಟ್ಟನ್ನೇ ಬಂದ್ ಮಾಡಿತು. ಅವತ್ತು ಬೀದಿಯಲ್ಲಿ ಜನ ಇನ್ನೂ ಜಾಸ್ತಿ ಆದರು. ಶುಕ್ರವಾರದ ನಮಾಜು ಮುಗಿಸಿ ಮಸೀದಿಗಳಿಂದಲೇ ಮೆರವಣಿಗೆ ಹೊರಟವು. ಫೆಬ್ರವರಿ 11ರಂದು ಅಧ್ಯಕ್ಷ ಮುಬಾರಕ್ ಕೆಳಗಿಳಿದರು. ಅದಕ್ಕೂ ಮುಂಚಿನ ದಿನಗಳಲ್ಲಿ ಕಾರ್ಮಿಕರ ಮುಷ್ಕರಗಳೂ ಸೇರಿಕೊಂಡಿದ್ದವು. ಇದನ್ನು ಮರೆಯಬಾರದು.

ಆಮೇಲೆ ಚುನಾವಣೆ ಬಂತು. ಗೆದ್ದವರು ಯಾರು? ದಶಕಗಳಿಂದ ಬೀದಿ ಬೀದಿಯಲ್ಲಿ ಜಾಲ ಕಟ್ಟಿಕೊಂಡಿದ್ದ ಮುಸ್ಲಿಂ ಬ್ರದರ್‌ಹುಡ್. ಅವರ ಸಿದ್ಧಾಂತ ನಿಮಗೆ ಹಿಡಿಸದಿರಬಹುದು, ಅದು ಬೇರೆ ಮಾತು. ಕೈರೋದ ತಹ್ರೀರ್ ಚೌಕದಲ್ಲಿ ಜೀವ ಪಣಕ್ಕಿಟ್ಟ ಯುವಕರಿಗೆ ಅಭ್ಯರ್ಥಿ ಯಾರು ಎಂದು ಒಟ್ಟಿಗೆ ತೀರ್ಮಾನಿಸುವ ಜಾಗವೇ ಇರಲಿಲ್ಲ. 2013ರ ಜುಲೈನಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಆ ಮಕ್ಕಳ ಧೈರ್ಯ ದೊಡ್ಡದು. ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಆದರೆ ಆ ಧೈರ್ಯಕ್ಕೆ ತಕ್ಕ ಸಂಘಟನೆ ಕಟ್ಟಲು ಅವರಿಗೆ ಸಮಯ ಸಿಗಲಿಲ್ಲ ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಹಾಗಾದರೆ ಡಿಜಿಟಲ್ ಸಾಧನದಿಂದ ಆಳವಾದ ಕೆಲಸ ಆಗುವುದೇ ಇಲ್ಲವೇ? ಆಗುತ್ತದೆ. ಭಾರತದ್ದೇ ಉದಾಹರಣೆ ಕೊಡುತ್ತೇನೆ.

2015ರ ಮಾರ್ಚ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ಸಮಾಲೋಚನಾ ಪತ್ರ ಹೊರಡಿಸಿತು. ಇಂಟರ್‌ನೆಟ್ಟಿನಲ್ಲಿ ಕೆಲವು ಆ್ಯಪ್‌ಗಳಿಗೆ ಒಂದು ದರ, ಉಳಿದವಕ್ಕೆ ಇನ್ನೊಂದು ದರ ಇಡಬಹುದೇ ಎಂಬುದು ಅದರಲ್ಲಿದ್ದ ಮುಖ್ಯ ವಿಷಯಗಳಲ್ಲಿ ಒಂದು. ಪತ್ರ ನೂರು ಪುಟಕ್ಕೂ ಜಾಸ್ತಿ. ಕೇಳಿದ ಪ್ರಶ್ನೆ 20. ಸಾಮಾನ್ಯ ಜನ ಓದಿ ಉತ್ತರ ಬರೆಯುವಂಥದ್ದಲ್ಲ. ಆಗ ಕೆಲವು ಸ್ವಯಂಸೇವಕರು ಕೂತು ಆ ಪತ್ರವನ್ನು ಸರಳ ಮಾಡಿದರು, ಪ್ರತಿ ಪ್ರಶ್ನೆಗೂ ಉತ್ತರದ ಕರಡು ತಯಾರಿಸಿದರು. ಬೇಕಿದ್ದವರು ಅದನ್ನು ತಿದ್ದಿ ಕಳಿಸಬಹುದಿತ್ತು. ಏಪ್ರಿಲ್ 24ರ ಹೊತ್ತಿಗೆ 10 ಲಕ್ಷಕ್ಕೂ ಜಾಸ್ತಿ ಇಮೇಲ್ ಹೋದವು.

ಅದೇ ವರ್ಷದ ಕೊನೆಗೆ ಟ್ರಾಯ್ ಮತ್ತೆ ಅಭಿಪ್ರಾಯ ಕೇಳಿತು. ಆಗ ಫೇಸ್‌ಬುಕ್ ಕಂಪನಿ ಆಯ್ದ ಕೆಲವು ತಾಣಗಳನ್ನು ಮಾತ್ರ ಪುಕ್ಕಟೆ ಕೊಡುವ ತನ್ನ ‘ಫ್ರೀ ಬೇಸಿಕ್ಸ್’ ಯೋಜನೆಯ ಪರವಾಗಿ ಬಳಕೆದಾರರಿಂದ ಸಿದ್ಧ ಇಮೇಲ್‌ಗಳನ್ನು ಕಳಿಸಿತು. ಒಂದು ಬಟನ್ ಒತ್ತಿದರೆ ಸಾಕಿತ್ತು. ಲಕ್ಷಗಟ್ಟಲೆ ಹೋದವು. ಆದರೆ ನಾವು ಕೇಳಿದ ಪ್ರಶ್ನೆಗಳಿಗೆ ಇದರಲ್ಲಿ ಉತ್ತರ ಇಲ್ಲ ಎಂದು ಟ್ರಾಯ್ ಹೇಳಿತು. 2016ರ ಫೆಬ್ರವರಿ 8ರಂದು, ಡೇಟಾಗೆ ಬೇರೆ ಬೇರೆ ದರ ಇಡುವಂತಿಲ್ಲ ಎಂಬ ನಿಯಮ ಬಂತು.

ಎರಡೂ ಕಡೆ ಲಕ್ಷಾಂತರ ಇಮೇಲ್. ಎರಡೂ ಕಡೆ ಸಿದ್ಧ ಮಾದರಿ ಇತ್ತು ಎಂಬುದೂ ನಿಜ. ವ್ಯತ್ಯಾಸ ಏನು? ಒಂದು ಕಡೆ ಕೇಳಿದ ಪ್ರಶ್ನೆಯನ್ನು ಜನರಿಗೆ ಅರ್ಥ ಮಾಡಿಸುವ ಕೆಲಸ ನಡೆಯಿತು. ಇನ್ನೊಂದು ಕಡೆ ಜನರ ಹೆಸರನ್ನು ಎಣಿಕೆಗೆ ಬಳಸಲಾಯಿತು. ನಿಮ್ಮ ಗುಂಪು ಮುಂದಿನ ಸಲ ಆನ್‌ಲೈನ್ ಅರ್ಜಿಗೆ ಸಹಿ ಹಾಕಿಸುವಾಗ ಇದನ್ನು ನೆನಪಿಡಿ. ಸಹಿ ಹಾಕಿದವರಲ್ಲಿ ಒಬ್ಬರನ್ನು ಅಧಿಕಾರಿ ಕರೆದು ಏನು ವಿಷಯ ಅಂತ ಕೇಳಿದರೆ ಅವರು ಎರಡು ಮಾತು ಹೇಳಬಲ್ಲರೇ?

ಇದರದ್ದೇ ಇನ್ನೊಂದು ಘಟನೆ, ಈಗ ಹೇಳದಿದ್ದರೆ ಮರೆಯುತ್ತೇನೆ. ಆ 10 ಲಕ್ಷ ಇಮೇಲ್‌ಗಳನ್ನು ಟ್ರಾಯ್ ತನ್ನ ತಾಣದಲ್ಲಿ ಹಾಕಿದಾಗ ಕಳಿಸಿದವರ ಇಮೇಲ್ ವಿಳಾಸಗಳೂ ಬಹಿರಂಗ ಆಗಿಬಿಟ್ಟವು. ಅಭಿಪ್ರಾಯ ಹೇಳಿದ್ದಕ್ಕೆ ಜನ ತಮ್ಮ ವಿಳಾಸ ಕಳೆದುಕೊಂಡರು. ಹಾಗಾಗಿ ಜನರನ್ನು ದನಿ ಎತ್ತಿ ಎಂದು ಕರೆಯುವವರು, ಆ ದನಿಯ ಜೊತೆ ಅವರ ಯಾವ ವಿವರ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಹೇಳಬೇಕು.

ತೀರ್ಮಾನದ ವಿಷಯಕ್ಕೆ ವಾಪಸ್ ಬರುತ್ತೇನೆ. ಒಟ್ಟಿಗೆ ಯೋಚಿಸುವುದಕ್ಕೆ ಸಹಾಯ ಮಾಡುವ ಸಾಧನ ಇರಬಹುದೇ? ತೈವಾನಿನಲ್ಲಿ ಒಂದು ಪ್ರಯತ್ನ ನಡೆದಿದೆ. 2012ರಲ್ಲಿ ಅಲ್ಲಿ ‘ಗವ್ ಜೀರೋ’ ಎಂಬ ಸಮುದಾಯ ಹುಟ್ಟಿಕೊಂಡಿತು. ಸರ್ಕಾರದ ಮಾಹಿತಿಯನ್ನು ಜನರಿಗೆ ಅರ್ಥ ಆಗುವ ಹಾಗೆ ಕೊಡುವುದು ಅವರ ಕೆಲಸ. 2014ರ ಮಾರ್ಚ್‌ನಲ್ಲಿ ಚೀನಾ ಜೊತೆಗಿನ ವ್ಯಾಪಾರ ಒಪ್ಪಂದವನ್ನು ವಿರೋಧಿಸಿ ವಿದ್ಯಾರ್ಥಿಗಳು ಸಂಸತ್ತಿನ ಒಳಗೇ ಕೂತರು. ಮೂರು ವಾರಕ್ಕೂ ಜಾಸ್ತಿ ಅಲ್ಲೇ ಇದ್ದರು. ಒಳಗಿನ ಚರ್ಚೆ ಹೊರಗಿನ ಜನರಿಗೆ ನೇರವಾಗಿ ಕಾಣುವಂತೆ ಈ ಸಮುದಾಯದವರು ವ್ಯವಸ್ಥೆ ಮಾಡಿದರು. ಅದಾದ ಮೇಲೆ ಸರ್ಕಾರ ಮತ್ತು ಈ ಸ್ವಯಂಸೇವಕರು ಸೇರಿ ‘ವಿ ತೈವಾನ್’ ಎಂಬ ಪ್ರಕ್ರಿಯೆ ಶುರು ಮಾಡಿದರು.

2015ರಲ್ಲಿ ಊಬರ್ ವಿಷಯ ಅಲ್ಲಿಗೆ ಬಂತು. ಟ್ಯಾಕ್ಸಿ ಚಾಲಕರಿಗೆ ಸಿಟ್ಟು, ಊಬರ್ ಬಳಸುವವರಿಗೆ ಇನ್ನೊಂದು ಥರದ ಸಿಟ್ಟು. ಬಳಸಿದ ಸಾಧನದ ಹೆಸರು ‘ಪೋಲಿಸ್’. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಮುಂದೆ ಒಂದು ಹೇಳಿಕೆ ಬರುತ್ತದೆ. ಒಪ್ಪುತ್ತೇನೆ, ಒಪ್ಪುವುದಿಲ್ಲ, ಮುಂದಕ್ಕೆ ಹೋಗಲಿ ಎಂಬ ಮೂರರಲ್ಲಿ ಒಂದನ್ನು ಒತ್ತಬೇಕು. ನಿಮ್ಮದೇ ಹೇಳಿಕೆ ಇದ್ದರೆ ಬರೆಯಬಹುದು, ಬೇರೆಯವರು ಅದಕ್ಕೆ ಮತ ಹಾಕುತ್ತಾರೆ. ಆದರೆ ಯಾರ ಮಾತಿಗೂ ಪ್ರತ್ಯುತ್ತರ ಬರೆಯಲು ಅವಕಾಶ ಇಲ್ಲ. ಆ ಬಟನ್ನೇ ಇಟ್ಟಿಲ್ಲ. ಬೈಯಲು, ಎಳೆದಾಡಲು ಜಾಗವೇ ಇಲ್ಲ. ಒಂದೇ ಥರ ಮತ ಹಾಕಿದವರನ್ನು ಯಂತ್ರ ಒಂದು ಗುಂಪಾಗಿ ತೋರಿಸುತ್ತದೆ. ನೀವು ಯಾರ ಹತ್ತಿರ ಇದ್ದೀರಿ, ಯಾರಿಂದ ದೂರ ಇದ್ದೀರಿ ಎಂಬ ಚಿತ್ರ ಕಣ್ಣೆದುರೇ ಇರುತ್ತದೆ.

ಮೊದಲು ಪರ ಮತ್ತು ವಿರೋಧದ ಗುಂಪುಗಳು ದೂರ ದೂರ ಇದ್ದವು. ಆದರೆ ತನ್ನ ಹೇಳಿಕೆಗೆ ಜಾಸ್ತಿ ಒಪ್ಪಿಗೆ ಬೇಕು ಎಂದರೆ ಇನ್ನೊಂದು ಗುಂಪಿನವರೂ ಒಪ್ಪುವ ಹಾಗೆ ಬರೆಯಬೇಕಾಗುತ್ತದೆ ಎಂದು ಜನರಿಗೆ ಹೊಳೆಯಿತು. ನಿಧಾನವಾಗಿ ಎರಡೂ ಕಡೆಯವರು ಒಪ್ಪುವ ಮಾತುಗಳು ಮೇಲೆ ಬಂದವು. ಪ್ರಯಾಣಿಕರಿಗೆ ವಿಮೆ ಇರಲಿ, ಚಾಲಕರಿಗೆ ಸರಿಯಾದ ಪರವಾನಗಿ ಇರಲಿ, ಇಂಥವು. ಆಮೇಲೆ ಊಬರ್‌ನವರು, ಟ್ಯಾಕ್ಸಿಯವರು, ಅಧಿಕಾರಿಗಳು ಮುಖಾಮುಖಿ ಕೂತು ಈ ಪಟ್ಟಿಯನ್ನು ಮುಂದಿಟ್ಟುಕೊಂಡು ಮಾತಾಡಿದರು. ಅದನ್ನು ನೇರ ಪ್ರಸಾರ ಮಾಡಿದರು. ಹೊಸ ನಿಯಮಗಳು ಬರುವಾಗ ಈ ಅಂಶಗಳಿಗೆ ಜಾಗ ಸಿಕ್ಕಿತು.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಆ ಇಲ್ಲದ ಬಟನ್. ನಾವು ದಿನಾ ಬಳಸುವ ಸಾಮಾಜಿಕ ಜಾಲತಾಣಗಳು ಜಗಳ ನಡೆದಷ್ಟೂ ಜನ ಅಲ್ಲೇ ಇರುತ್ತಾರೆ ಎಂಬ ಲೆಕ್ಕದಲ್ಲಿ ನಡೆಯುತ್ತವೆ. ಜನ ಎಲ್ಲಿ ಒಪ್ಪುತ್ತಾರೆ ಎಂದು ಹುಡುಕುವ ಸಾಧನವನ್ನೂ ಕಟ್ಟಬಹುದು. ಕಟ್ಟಿದ್ದಾರೆ. ಅದರ ತಂತ್ರಾಂಶ ಮುಕ್ತವಾಗಿಯೇ ಇದೆ, ಯಾರು ಬೇಕಾದರೂ ಬಳಸಬಹುದು. ಹಾಗೆಂದು ಎಲ್ಲ ಸರಿಹೋಯಿತು ಎಂದಲ್ಲ. ವಿ ತೈವಾನ್‌ನಲ್ಲಿ ಬಂದ ತೀರ್ಮಾನಕ್ಕೆ ಸರ್ಕಾರ ಬದ್ಧವಾಗಿರಲೇಬೇಕು ಎಂಬ ಕಾನೂನು ಇರಲಿಲ್ಲ. ಅದು ದೊಡ್ಡ ಕೊರತೆ.

ಐಸ್‌ಲ್ಯಾಂಡಿನಲ್ಲಿ ಈ ಕೊರತೆ ಇನ್ನೂ ಕಟುವಾಗಿ ಕಾಣಿಸಿತು. ಆರ್ಥಿಕ ಕುಸಿತದ ನಂತರ 2011ರಲ್ಲಿ 25 ಜನ ಸಾಮಾನ್ಯ ನಾಗರಿಕರ ಮಂಡಳಿ ಹೊಸ ಸಂವಿಧಾನದ ಕರಡು ಬರೆಯಿತು. ಕರಡನ್ನು ಇಂಟರ್‌ನೆಟ್ಟಿನಲ್ಲಿ ಹಾಕಿ, ಫೇಸ್‌ಬುಕ್‌ನಲ್ಲೂ ಸಲಹೆ ಪಡೆದು ತಿದ್ದಿದರು. 2012ರ ಅಕ್ಟೋಬರ್‌ನ ಜನಮತದಲ್ಲಿ ಮತ ಹಾಕಿದವರ ಮೂರನೇ ಎರಡರಷ್ಟು ಜನ ಇದರ ಆಧಾರದ ಮೇಲೆ ಸಂವಿಧಾನ ಆಗಲಿ ಎಂದರು. ಸಂಸತ್ತು ಅದನ್ನು ಅಂಗೀಕರಿಸಲೇ ಇಲ್ಲ. ಸಲಹೆ ಕೇಳುವುದು ಬೇರೆ, ಅಧಿಕಾರ ಕೊಡುವುದು ಬೇರೆ. ಯಾವುದೇ ಸರ್ಕಾರಿ ಪೋರ್ಟಲ್ ನಿಮ್ಮ ಅಭಿಪ್ರಾಯ ತಿಳಿಸಿ ಎಂದಾಗ, ತಿಳಿಸಿದ ಮೇಲೆ ಉತ್ತರ ಕೊಡುವ ಹೊಣೆ ಯಾರದ್ದು ಎಂದು ಕೇಳಿ.

ಈಗ ನನ್ನ ಮನಸ್ಸಿಗೆ ತುಂಬಾ ಹತ್ತಿರದ ಉದಾಹರಣೆ. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಹಳ್ಳಿಯ ಕೂಲಿಕಾರರು, ರೈತರು ಸೇರಿ 1990ರಲ್ಲಿ ಕಟ್ಟಿದ ಸಂಘಟನೆ. ಬರಪರಿಹಾರದ ಕಾಮಗಾರಿಗಳಲ್ಲಿ ಜನರಿಗೆ ಕನಿಷ್ಠ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ, ನೀವು ಕೆಲಸವನ್ನೇ ಮಾಡಿಲ್ಲ ಎಂದು ದಾಖಲೆಯಲ್ಲಿದೆ ಎನ್ನುತ್ತಿದ್ದರು. ಹಾಗಾದರೆ ದಾಖಲೆ ತೋರಿಸಿ ಎಂದರೆ, ಅದು ಗುಟ್ಟು, ತೋರಿಸುವಂತಿಲ್ಲ.

1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮೊದಲ ಜನಸುನ್ವಾಯಿ, ಅಂದರೆ ಜನರ ಮುಂದೆ ಬಹಿರಂಗ ವಿಚಾರಣೆ, ನಡೆಯಿತು. ಹೇಗೋ ಸಿಕ್ಕಿದ ಮಸ್ಟರ್ ರೋಲ್ ಎಂಬ ಕೂಲಿಕಾರರ ಹಾಜರಿ ಪಟ್ಟಿ ಮತ್ತು ಬಿಲ್ಲುಗಳನ್ನು ಜನರ ಮುಂದೆ ಗಟ್ಟಿಯಾಗಿ ಓದಿದರು. ಇಂಥವರು, ಇಷ್ಟು ದಿನ, ಇಷ್ಟು ಕೂಲಿ. ಹೆಸರು ಕೇಳಿದವರು ಎದ್ದು, ನಾನು ಆ ಕೆಲಸಕ್ಕೆ ಹೋಗೇ ಇಲ್ಲ ಎಂದರು. ಇಂಥ ಸುನ್ವಾಯಿಗಳಲ್ಲಿ ಸತ್ತವರ ಹೆಸರಿನಲ್ಲಿ ಕೂಲಿ ಬರೆದದ್ದು ಹೊರಬಿತ್ತು. ಕಟ್ಟದ ಕಟ್ಟಡಕ್ಕೆ ಬಿಲ್ಲು ಆದದ್ದು ಹೊರಬಿತ್ತು. ಓದು ಬರಹ ಬಾರದವರೂ ಅಲ್ಲಿ ಲೆಕ್ಕ ತಪಾಸಣೆ ಮಾಡುವವರಾದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ನಡೆಯಿತು. ಮುಂದೆ ಇದು ದೇಶದ ಬೇರೆ ಬೇರೆ ಕಡೆಯ ಜನರ ಪ್ರಯತ್ನದ ಜೊತೆ ಸೇರಿ 2005ರ ಮಾಹಿತಿ ಹಕ್ಕು ಕಾಯ್ದೆ ಆಯಿತು. ಅದೇ ವರ್ಷದ ಉದ್ಯೋಗ ಖಾತರಿ ಕಾಯ್ದೆಯಲ್ಲಿ, ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆ ಮಾಡಬೇಕು ಎಂದು ಬರೆದರು.

2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನ ಸರ್ಕಾರ ‘ಜನ್ ಸೂಚನಾ ಪೋರ್ಟಲ್’ ತೆರೆಯಿತು. ಅರ್ಜಿ ಹಾಕದೆಯೇ ಪಡಿತರ, ಪಿಂಚಣಿ, ಕೂಲಿಯ ವಿವರಗಳನ್ನು ಅಲ್ಲಿ ನೋಡಬಹುದು. ಯಾವ ಮಾಹಿತಿ ಬೇಕು, ಹೇಗೆ ತೋರಿಸಬೇಕು ಎಂಬುದರ ಬಗ್ಗೆ ಅಧಿಕಾರಿಗಳು ಈ ಸಂಘಟನೆಗಳ ಜೊತೆ ಕೂತು ಮಾತಾಡಿದ್ದರು. ಹಾಗಾಗಿ ಅದರ ಬೇರು ಹಳ್ಳಿಯ ಆ ಸಭೆಯಲ್ಲಿದೆ.

ಇದರ ಪಕ್ಕದಲ್ಲಿ ಇನ್ನೊಂದು ತಂತ್ರಜ್ಞಾನ ಇಟ್ಟು ನೋಡಿ. ಉದ್ಯೋಗ ಖಾತರಿ ಕೆಲಸಕ್ಕೆ ಬಂದವರ ಫೋಟೋವನ್ನು ದಿನಕ್ಕೆ ಎರಡು ಸಲ ಆ್ಯಪ್‌ನಲ್ಲಿ ಹಾಕಬೇಕು ಎಂಬ ಹಾಜರಿ ವ್ಯವಸ್ಥೆ 2023ರ ಜನವರಿಯಿಂದ ಕಡ್ಡಾಯ ಆಯಿತು. ಉದ್ದೇಶ ಪಾರದರ್ಶಕತೆ ಎಂದರು. ನೆಟ್‌ವರ್ಕ್ ಸಿಗದ ಕಡೆ ಕೆಲಸ ಮಾಡಿಯೂ ಹಾಜರಿ ದಾಖಲಾಗುತ್ತಿಲ್ಲ ಎಂದು ಕಾರ್ಮಿಕ ಸಂಘಟನೆಗಳು ದೂರಿದವು. ಎರಡೂ ಡಿಜಿಟಲ್ಲೇ. ಪೋರ್ಟಲ್‌ನಲ್ಲಿ ಕೂಲಿಕಾರರು ಕಚೇರಿಯ ಲೆಕ್ಕವನ್ನು ನೋಡುತ್ತಾರೆ. ಆ್ಯಪ್‌ನಲ್ಲಿ ಕಚೇರಿ ಕೂಲಿಕಾರರ ಮುಖ ನೋಡುತ್ತದೆ. ಯಾವ ಹೊಸ ತಂತ್ರಾಂಶ ಬಂದರೂ ನಾನು ಮೊದಲು ಕೇಳುವುದು ಇದನ್ನೇ: ಇದರಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆ?

ಪೋರ್ಟಲ್‌ನಲ್ಲಿ ಮಾಹಿತಿ ಇದ್ದರೆ ಸಾಕೇ? ಸಾಲದು. ಪರದೆಯ ಮೇಲೆ ಒಬ್ಬರೇ ನೋಡಿದರೆ ಅದು ಒಬ್ಬರ ಬೇಜಾರು ಆಗಿ ಮುಗಿಯುತ್ತದೆ. ಅದನ್ನೇ ಹತ್ತು ಜನರ ಮುಂದೆ ಗಟ್ಟಿಯಾಗಿ ಓದಿ ನೋಡಿ. ಪಕ್ಕದವರು, ನನ್ನದೂ ಹೀಗೇ ಆಗಿದೆ ಎನ್ನುತ್ತಾರೆ. ಅಲ್ಲಿಂದ ಕೆಲಸ ಶುರುವಾಗುತ್ತದೆ.

ಈಗ ನಮ್ಮ ನಮ್ಮ ಗ್ರೂಪುಗಳ ವಿಷಯ. ಇಲ್ಲಿರುವ ಬಹಳಷ್ಟು ಜನ ಯಾವುದಾದರೂ ನಾಗರಿಕರ ಗುಂಪಿನಲ್ಲಿ ಇದ್ದೀರಿ. ಕೆರೆಯದ್ದು, ಶಾಲೆಯದ್ದು, ಕಾರ್ಮಿಕರದ್ದು, ಬಾಡಿಗೆದಾರರದ್ದು. ಕೆಲಸ ನಡೆಯುವುದು ವಾಟ್ಸಾಪ್‌ನಲ್ಲಿ. ಅಲ್ಲಿ ಅಡ್ಮಿನ್ ಯಾರು? ಯಾರು ಗ್ರೂಪ್ ಮಾಡಿದರೋ ಅವರು. ಅವರನ್ನು ಯಾರೂ ಆರಿಸಿಲ್ಲ. ಅವರ ಅವಧಿ ಮುಗಿಯುವುದೇ ಇಲ್ಲ. ಯಾರನ್ನು ಬೇಕಾದರೂ ತೆಗೆಯಬಹುದು, ಕಾರಣ ಹೇಳಬೇಕಾಗಿಲ್ಲ. ಬೇಕೆಂದರೆ ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಬದಲಾಯಿಸಬಹುದು. ಎಲ್ಲೋ ಕೂತು ಆ ಆ್ಯಪ್ ಮಾಡಿದ ಕಂಪನಿ ನಮ್ಮ ಸಂಘಕ್ಕೆ ಬೈಲಾ ಬರೆದುಕೊಟ್ಟ ಹಾಗಾಯಿತು, ಅಲ್ವಾ? ನಾವು ಅದನ್ನು ಓದದೆಯೇ ಅಂಗೀಕರಿಸಿದ್ದೇವೆ.

ಇದರರ್ಥ ವಾಟ್ಸಾಪ್ ಬಿಡಿ ಎಂದಲ್ಲ. ಸುದ್ದಿ ತಿಳಿಸಲು, ಜಾಗ ಸಮಯ ಹೇಳಲು, ಫೋಟೋ ದಾಖಲೆ ಹಂಚಲು ಅದು ಒಳ್ಳೆಯದೇ. ತೀರ್ಮಾನವನ್ನು ಮಾತ್ರ ಅಲ್ಲಿ ಮಾಡಬೇಡಿ. ರಾತ್ರಿ ಹನ್ನೊಂದಕ್ಕೆ ಯಾರು ಎಚ್ಚರ ಇರುತ್ತಾರೋ ಅವರದ್ದೇ ಬಹುಮತ ಆಗುತ್ತದೆ. ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗುವವರು, ಮನೆಯಲ್ಲಿ ಒಂದೇ ಫೋನ್ ಇರುವವರು, ಟೈಪ್ ಮಾಡಲು ಬಾರದವರು ಹೊರಗೆ ಉಳಿಯುತ್ತಾರೆ. ಅದರಲ್ಲೂ ಹೆಂಗಸರು ಜಾಸ್ತಿ. ಪೋಲ್ ಹಾಕಿದರೂ ಅಷ್ಟೇ. ಅದು ಎಣಿಸುತ್ತದೆ. ಮನಸ್ಸು ಬದಲಾಯಿಸಲು ಅವಕಾಶ ಕೊಡುವ ಮಾತುಕತೆ ಅಲ್ಲಿ ನಡೆಯುವುದಿಲ್ಲ. ಸಭೆ ಮಾಡಿ. ಎದುರುಬದುರು ಆಗದಿದ್ದರೆ ಫೋನಿನಲ್ಲಾದರೂ ಒಂದೇ ಹೊತ್ತಿಗೆ ಎಲ್ಲರೂ ಸೇರಿ. ಏನು ತೀರ್ಮಾನ ಆಯಿತು, ಯಾರು ಒಪ್ಪಲಿಲ್ಲ, ಯಾಕೆ ಎಂದು ನಡಾವಳಿ ಬರೆದು ಗ್ರೂಪಿಗೆ ಹಾಕಿ. ಒಪ್ಪದವರ ಕಾರಣ ಬರೆಯುವುದನ್ನು ಬಿಡಬೇಡಿ. ತಮ್ಮ ಮಾತು ದಾಖಲಾಗಿದೆ ಎಂದು ಗೊತ್ತಾದರೆ ಸೋತವರೂ ಜೊತೆಗೆ ಉಳಿಯುತ್ತಾರೆ.

ಸದಸ್ಯರ ಪಟ್ಟಿ ನಿಮ್ಮ ಕೈಯಲ್ಲಿರಲಿ. ಗ್ರೂಪ್ ಇದೆಯಲ್ಲ ಎಂದು ಸುಮ್ಮನಿರಬೇಡಿ. ಅಕೌಂಟ್ ಬಂದ್ ಆದರೆ, ಇಂಟರ್‌ನೆಟ್ ನಿಂತರೆ ಯಾರನ್ನು ಹೇಗೆ ತಲುಪುತ್ತೀರಿ? ಹೆಸರು, ಫೋನ್ ನಂಬರ್, ಇರುವ ಬೀದಿ, ಮಾಡಬಲ್ಲ ಕೆಲಸ. ಇಷ್ಟು ಸಾಕು. ಬೇಡದ ವಿವರ ಕೇಳಬೇಡಿ. ನಿಮ್ಮ ಹತ್ತಿರ ಇಲ್ಲದ ಮಾಹಿತಿಯನ್ನು ಯಾರೂ ಕದಿಯಲಾಗದು. ಪಟ್ಟಿಯ ಒಂದು ಪ್ರತಿ ಕಾಗದದ ಮೇಲೆ, ಇಬ್ಬರು ಜವಾಬ್ದಾರಿ ಇರುವವರ ಹತ್ತಿರ ಇರಲಿ. ಸೂಕ್ಷ್ಮ ವಿಷಯ ಮಾತಾಡುವಾಗ ಸಿಗ್ನಲ್‌ನಂಥ ಆ್ಯಪ್ ಬಳಸಿ, ಮೆಸೇಜು ತಾನಾಗೇ ಅಳಿಯುವ ಹಾಗೆ ಇಡಿ. ಆದರೆ ಗ್ರೂಪಿನಲ್ಲಿ ನೂರು ಜನ ಇದ್ದರೆ ಯಾವ ಬೀಗವೂ ಗುಟ್ಟು ಕಾಯುವುದಿಲ್ಲ ಎಂಬುದೂ ಗೊತ್ತಿರಲಿ.

ಸಭಿಕರಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ. ಯುವಕರು ಪೋಸ್ಟ್ ಶೇರ್ ಮಾಡುತ್ತಾರೆ, ಸಭೆಗೆ ಬನ್ನಿ ಎಂದರೆ ಬರುವುದಿಲ್ಲ, ಏನು ಮಾಡುವುದು ಎಂದು ಕೇಳಿದ್ದಾರೆ. ಅವರಿಗೆ ಯಾರಾದರೂ ಫೋನ್ ಮಾಡಿ ಹೆಸರು ಹಿಡಿದು ಕರೆದಿದ್ದಾರೆಯೇ, ಅದನ್ನು ಮೊದಲು ನೋಡಿ. ಎಲ್ಲರೂ ಬನ್ನಿ ಎಂಬ ಮೆಸೇಜು ಯಾರಿಗೂ ಕರೆದಂತಲ್ಲ. ನೀವು ಬನ್ನಿ, ಈ ಹತ್ತು ಅರ್ಜಿಗಳ ಉತ್ತರ ಓದಿ ಟಿಪ್ಪಣಿ ಮಾಡಿಕೊಡಿ ಎಂದರೆ ಬಹಳ ಜನ ಬರುತ್ತಾರೆ. ಅವರಿಗೆ ಬರುವ ಕೆಲಸ ಕೊಡಿ. ಆ ಕೆಲಸದ ಬಗ್ಗೆ ತೀರ್ಮಾನ ಮಾಡುವ ಅಧಿಕಾರವನ್ನೂ ಕೊಡಿ. ಬ್ಯಾನರ್ ಹಿಡಿಯಲು ಮಾತ್ರ ಕರೆದರೆ ಎರಡನೇ ಸಲ ಬರುವುದಿಲ್ಲ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಇನ್ನೊಂದು ಪ್ರಶ್ನೆ, ಅಡ್ಮಿನ್‌ಗಳನ್ನು ಬದಲಾಯಿಸೋಣ ಎಂದರೆ ಗುಂಪಿನಲ್ಲಿ ಜಗಳ ಆಗುತ್ತದಲ್ಲ ಎಂದು. ಆಗುತ್ತದೆ. ಜಗಳ ಇಲ್ಲದ ಹೊತ್ತಿನಲ್ಲೇ ನಿಯಮ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮೂವರು ಅಡ್ಮಿನ್ ಇರಲಿ, ಅದರಲ್ಲಿ ಒಬ್ಬರಾದರೂ ಮಹಿಳೆ ಇರಲಿ. ಆರು ತಿಂಗಳಿಗೊಮ್ಮೆ ಸಭೆಯಲ್ಲಿ ಹೊಸಬರನ್ನು ಆರಿಸಿ. ಹಳಬರು ಕೆಲಸ ಕಲಿಸಿಕೊಡಲು ಒಂದು ತಿಂಗಳು ಜೊತೆಗಿರಲಿ. ಯಾರನ್ನಾದರೂ ಗ್ರೂಪಿನಿಂದ ತೆಗೆದರೆ ಮುಂದಿನ ಸಭೆಯಲ್ಲಿ ಅದಕ್ಕೆ ಕಾರಣ ಹೇಳಬೇಕು. ತೆಗೆಸಿಕೊಂಡವರನ್ನು ಆ ಸಭೆಗೆ ಕರೆಯಬೇಕು, ಮೊದಲು ಮಾತಾಡುವ ಅವಕಾಶ ಅವರಿಗೆ ಕೊಡಬೇಕು.